ಸುಜಾತಾ ಟೀಚರ್ ನೀರು ಕುಡಿಯುವುದನ್ನು ಬಿಟ್ಟದ್ದು

ಕೊರೊನಾದ ಗದ್ದಲವೆಲ್ಲ ಮುಗಿದು ಶಾಲೆಗಳು ಮೊದಲಿನಂತೆ ನಡೆಯತೊಡಗಿದ ವರ್ಷ. ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಿಯಾದ ನಾನು ಆಗಷ್ಟೇ ಹುಬ್ಬಳ್ಳಿಯ ಒಂದು ಸಣ್ಣ ಸಂಸ್ಥೆಯಲ್ಲಿ ಹೋಮ್ ಕೇರ್ ನರ್ಸ್ ಆಗಿ ಸೇರಿಕೊಂಡಿದ್ದೆ. ಆಸ್ಪತ್ರೆಯಿಂದ ಬಿಡುಗಡೆಯಾದರೂ ಹಾಸಿಗೆ ಬಿಟ್ಟು ಏಳಲಾಗದವರು ಊರಲ್ಲಿ ಬಹಳ ಮಂದಿ ಇರುತ್ತಾರೆ. ಅವರ ಮನೆಗೆ ಹೋಗಿ ಗಾಯ ನೋಡುವುದು, ಕೊಳವೆ ಬದಲಿಸುವುದು, ಮಗ್ಗುಲು ಹೊರಳಿಸುವುದು ಹೇಗೆಂದು ಮನೆಯವರಿಗೆ ಕಲಿಸುವುದು ನಮ್ಮ ಕೆಲಸ.

ವಾರ್ಡಿನಲ್ಲಿ ದುಡಿದವರಿಗೆ ಹಾಸಿಗೆ ಎಂದರೆ ಒಂದೇ ಬಗೆ. ಬಿಳಿ ಚಾದರ, ನಾಲ್ಕೂ ಮೂಲೆ ಒಂದೇ ರೀತಿ ಮಡಚಿದ್ದು, ಡಾಕ್ಟರು ರೌಂಡ್ಸಿಗೆ ಬರುವುದರೊಳಗೆ ಬದಲಾಗಿರಬೇಕು. ಮನೆಗಳಿಗೆ ಹೋಗತೊಡಗಿದ ಮೇಲೆ ಗೊತ್ತಾಯಿತು, ಮನೆಗೊಂದು ಹಾಸಿಗೆಯ ಕಾನೂನು. ಒಂದು ಮನೆಯಲ್ಲಿ ಅಮಾವಾಸ್ಯೆಯ ದಿನ ಹಾಸಿಗೆ ಮುಟ್ಟಿ ಒಗೆಯುವಂತಿರಲಿಲ್ಲ. ಇನ್ನೊಂದರಲ್ಲಿ ಅಜ್ಜನೊಬ್ಬ ನವಲಗುಂದದ ಜಮಖಾನೆಯಿಲ್ಲದೆ ಮಲಗಲು ಒಪ್ಪುತ್ತಿರಲಿಲ್ಲ; ಅದರ ನೇಯ್ಗೆ ಬೆನ್ನಿಗೆ ಒತ್ತಿ ಕೆಂಪಾದರೂ ಸರಿ. ಮತ್ತೊಂದು ಮನೆಯಲ್ಲಿ ಹೊಸ ಚಾದರಗಳೆಲ್ಲ ಬೀಗರಿಗೆಂದು ಟ್ರಂಕಿನಲ್ಲಿ, ರೋಗಿಗೆ ಮಾತ್ರ ಹರಕು ಧೋತರ. ಇವೆಲ್ಲ ನನಗೆ ಕೆಲಸಕ್ಕೆ ಅಡ್ಡ ಬರುವ ಹಟಗಳಾಗಿಯೇ ಕಾಣುತ್ತಿದ್ದವು. ಹಾಗಲ್ಲ ಎಂದು ತಿಳಿದದ್ದು ಬೆಂಗೇರಿಯ ಒಂದು ಮನೆಯಲ್ಲಿ.

ಆ ಮನೆಯ ಸುಜಾತಾ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ವಯಸ್ಸು ನಲವತ್ತು ದಾಟಿತ್ತು. ಒಂದು ಸಂಜೆ ಶಾಲೆ ಮುಗಿಸಿ ಬರುವಾಗ ಗಬ್ಬೂರಿನ ಬೈಪಾಸ್ ಹತ್ತಿರ ಉಸುಕಿನ ಮೇಲೆ ಸ್ಕೂಟಿ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಆಪರೇಷನ್ ಆಯಿತು, ಜೀವ ಉಳಿಯಿತು, ಆದರೆ ಸೊಂಟದ ಕೆಳಗೆ ಶಕ್ತಿಯೂ ಇಲ್ಲ, ಸ್ಪರ್ಶವೂ ಇಲ್ಲ. ಕೈಗಳು ಗಟ್ಟಿಯಾಗಿದ್ದವು. ಬುದ್ಧಿ ಮೊದಲಿನ ಹಾಗೆಯೇ ಚುರುಕು. ಗಂಡ ಮಿಲಿಂದ ಸರ್ಕಾರಿ ಕಚೇರಿಯೊಂದರಲ್ಲಿ ನೌಕರ. ಒಬ್ಬಳೇ ಮಗಳು ಬೆಳಗಾವಿಯ ಹಾಸ್ಟೆಲಿನಲ್ಲಿ ಇದ್ದು ಓದುತ್ತಿದ್ದಳು. ಹಗಲೆಲ್ಲ ಸುಜಾತಾ ಅವರ ಜೊತೆಗಿದ್ದವರು ಅತ್ತೆ ಗಂಗವ್ವ. ಎಪ್ಪತ್ತು ದಾಟಿದ, ತೆಳ್ಳನೆಯ, ಬೇಗ ಬೇಗ ನಡೆಯುವ ಹೆಂಗಸು. ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಪಟ. ಅದರ ಕೆಳಗೆ, ಕಿಟಕಿಯ ಪಕ್ಕ, ಟೀಚರ ಮಂಚ.

ಮಂಚದ ಮೇಲೆ ಏರ್ ಬೆಡ್ ಹಾಕಿಸಿದ್ದರು. ಸ್ಪರ್ಶವಿಲ್ಲದ ಮೈ ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲಿ ರಕ್ತ ಹರಿಯದೆ ಚರ್ಮ ಸತ್ತು ಹುಣ್ಣಾಗುತ್ತದೆ. ಅದಕ್ಕೆ ಪ್ರೆಶರ್ ಸೋರ್ ಎನ್ನುತ್ತೇವೆ. ಏರ್ ಬೆಡ್ಡಿನ ಸಾಲುಗಳಿಗೆ ಪಂಪು ಒಂದಾದ ಮೇಲೊಂದರಂತೆ ಗಾಳಿ ತುಂಬಿ, ಬಿಟ್ಟು, ಒತ್ತಡದ ಜಾಗ ಬದಲಿಸುತ್ತಿರುತ್ತದೆ. ಅದರ ಮೇಲೆ ಒಂದೇ ಒಂದು ತೆಳು ಚಾದರ ಇರಬೇಕು, ಅದೂ ಸಡಿಲಾಗಿ. ಬಿಗಿದು ಕಟ್ಟಿದರೆ ಗಾಳಿಯ ಕೆಲಸ ಮೈಗೆ ತಲುಪುವುದಿಲ್ಲ.

ಮೊದಲ ಭೇಟಿಯಲ್ಲೇ ಇದಕ್ಕೆ ತಕರಾರು ಬಂತು. ಗಂಗವ್ವ ಚಾದರದ ಕೆಳಗೆ ಕೌದಿ ಹಾಸಿದ್ದರು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ, ಹೊಲಿಗೆಯ ಸಾಲುಗಳು ಎದ್ದು ಕಾಣುವ ಒಳ್ಳೆಯ ಕೌದಿ. ಮೈಗೆ ಥಂಡಿ ಹತ್ತಬಾರದೆಂದು ಹಾಸಿದ್ದು.

"ಇದನ್ನ ತಗೀಬೇಕ್ರಿ ಅಮ್ಮಾರ. ಹೊಲಿಗಿ ಒತ್ತಿದ್ರ ಟೀಚರ್‌ಗೆ ತಿಳಿಯೂದಿಲ್ಲ, ಹುಣ್ಣಾದ ಮ್ಯಾಲ ತಿಳೀತದ," ಎಂದೆ.

ಗಂಗವ್ವ ಕೌದಿ ತೆಗೆದು ಮಡಚಿದರು. ಚಾದರ ಸಡಿಲ ಬಿಟ್ಟಾಗ ಟೀಚರ್ ಮುಖ ಸಿಂಡರಿಸಿದರು. "ಸಿಸ್ಟರ, ಇಷ್ಟು ಸಡ್ಲ ಬಿಟ್ರ ನನಗ ನಿದ್ದಿನ ಬರೂದಿಲ್ಲ. ಹಾಸಿಗಿ ಅಂದ್ರ ಹೊಸಾ ನೋಟ್ ಬುಕ್ಕಿನ ಹಾಳಿ ಇದ್ದಂಗ, ಒಂದು ಸುಕ್ಕೂ ಇಲ್ದಂಗ ಇರಬೇಕು."

ಹೊರಗೆ ಬಂದಾಗ ಮಿಲಿಂದ ಅವರು ನಕ್ಕು ವಿವರಿಸಿದರು. ತಮಗೆ ನೌಕರಿ ಸಿಕ್ಕ ವಾರವೇ ಹೆಂಡತಿ ಮನೆಯಲ್ಲಿ ಒಂದು ಕಟ್ಟಳೆ ಮಾಡಿದ್ದರಂತೆ. ಎದ್ದವರು ತಮ್ಮ ಹಾಸಿಗೆ ತಾವೇ ಮಡಚಬೇಕು, ರವಿವಾರ ತಮ್ಮ ಚಾದರ ತಾವೇ ಒಗೆಯಬೇಕು, ಗಂಡಸರಿಗೂ ವಿನಾಯಿತಿಯಿಲ್ಲ. "ಅವ್ವಗ ಮಾತ್ರ ಯಾರ ಚಾದರಾನೂ ಮುಟ್ಟಗೊಡ್ತಿದ್ದಿಲ್ರಿ," ಎಂದರು. ಯಾಕೆ ಎಂದು ನಾನು ಕೇಳಲಿಲ್ಲ. ಅತ್ತೆಯ ಮೇಲಿನ ಗೌರವ ಎಂದುಕೊಂಡು ಮುಂದಿನ ಮನೆಗೆ ಹೊರಟೆ.

ಟೀಚರಿಗೆ ಮೂತ್ರಕ್ಕೆ ಕ್ಯಾಥೆಟರ್ ಹಾಕಲಾಗಿತ್ತು, ಅಂದರೆ ಮೂತ್ರಕೋಶದಿಂದ ಚೀಲಕ್ಕೆ ಇಳಿಯುವ ಕೊಳವೆ. ಅದು ಇದ್ದರೂ ಕೆಲವರಿಗೆ ಕೊಳವೆಯ ಪಕ್ಕದಿಂದ ಸೋರುತ್ತದೆ, ಹಾಸಿಗೆ ಒದ್ದೆಯಾಗುತ್ತದೆ. ಇವರಿಗೂ ಹಾಗಾಗುತ್ತಿತ್ತು. ಸೋರುವುದನ್ನು ಕಡಿಮೆ ಮಾಡಬೇಕಾದರೆ ನೀರು ಚೆನ್ನಾಗಿ ಕುಡಿಯಬೇಕು. ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಕೊಳವೆಯೊಳಗೆ ಗಷ್ಟು ಕಟ್ಟುತ್ತದೆ, ದಾರಿ ಮುಚ್ಚಿ ಇನ್ನೂ ಹೆಚ್ಚು ಪಕ್ಕದಿಂದ ಸೋರುತ್ತದೆ, ನಂಜೂ ಏರುತ್ತದೆ. ನೀರು ಕಡಿಮೆ ಕುಡಿದರೆ ಹಾಸಿಗೆ ಒಣಗಿರುತ್ತದೆ ಎಂಬುದು ಎಲ್ಲ ರೋಗಿಗಳಿಗೂ ಸಹಜವಾಗಿ ಹೊಳೆಯುವ ಲೆಕ್ಕ. ಆ ಲೆಕ್ಕ ತಪ್ಪು ಎಂದು ನಾನು ಗಣಿತದ ಟೀಚರಿಗೇ ಬಿಡಿಸಿ ಹೇಳಿದ್ದೆ. ಅವರು ತಲೆಯಾಡಿಸಿದ್ದರು.

ಸ್ವಲ್ಪ ದಿನಕ್ಕೆ ಜ್ವರ ಬಂತು. ಮೈ ಗಡಗಡ ನಡುಗುವ ಜ್ವರ. ಮಿಲಿಂದ ಅವರು ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂತ್ರದ ನಂಜು ಮೇಲಕ್ಕೆ ಏರುತ್ತಿದೆ, ಇನ್ನೊಮ್ಮೆ ಹೀಗಾದರೆ ಕಿಡ್ನಿಗೆ ಕಷ್ಟ ಎಂದು ಡಾಕ್ಟರು ಎಚ್ಚರಿಸಿದರು. ಇಂಜೆಕ್ಷನ್ ಕೊಟ್ಟು, ಕ್ಯಾಥೆಟರ್ ಬದಲಿಸಿ ಕಳಿಸಿದರು. ಮನೆಗೆ ಬಂದ ಮೇಲೆ ಮಿಲಿಂದ ಒಂದು ದೊಡ್ಡ ತಂಬಿಗೆಯನ್ನು ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಕಚೇರಿಗೆ ಹೋಗುತ್ತಿದ್ದರು. ಸಂಜೆ ನೋಡಿದರೆ ಖಾಲಿ. ಆದರೂ ನಾನು ಹೋದಾಗಲೆಲ್ಲ ಚೀಲದಲ್ಲಿ ಮೂತ್ರ ಕಡು ಚಹಾದ ಬಣ್ಣಕ್ಕೇ ಇರುತ್ತಿತ್ತು. ಅಷ್ಟು ನೀರು ಕುಡಿದವರ ಮೂತ್ರ ಹಾಗೆ ಇರಲಾರದು. ಏನೋ ಬೇರೆ ತೊಂದರೆ ಇರಬೇಕೆಂದು ಮತ್ತೊಂದು ಪರೀಕ್ಷೆ ಮಾಡಿಸಿದೆವು. ಅದರಲ್ಲಿ ಹೊಸದೇನೂ ಸಿಗಲಿಲ್ಲ.

ಒಂದು ಮಧ್ಯಾಹ್ನ ಬೆನ್ನು ನೋಡಿ, ಹೊರಳಿಸಿ ಮುಗಿಸುವಾಗ ಗಂಗವ್ವ ಕಿಟಕಿಯ ಕಡೆ ನೋಡಿ ಗೊಣಗಿದರು. "ಈ ಮಲ್ಲಿಗಿ ಗಿಡಕ್ಕ ಏನಾಗೇತೋ ಏನೋ. ನಾ ನೀರು ಹಾಕಿ ಎಷ್ಟು ದಿನಾತು, ಕುಂಡದ ಮಣ್ಣು ಮಾತ್ರ ಹಸಿನ ಇರತೈತಿ. ಬೇರು ಕೊಳತು ಎಲಿ ಹಳದಿ ಬಿದ್ದಾವು ನೋಡು." ಹಾಗೆಂದು ಒದ್ದೆ ಚಾದರ ಸುರುಳಿ ಸುತ್ತಿ ಎತ್ತಿಕೊಂಡು ಹಿತ್ತಿಲಿಗೆ ಹೋದರು.

ನಾನು ಕಿಟಕಿಯತ್ತ ನೋಡಿದೆ. ಸರಳುಗಳ ಆಚೆಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಮಲ್ಲಿಗೆಯ ಕುಂಡ. ಮಣ್ಣು ಕೆಸರಾಗಿತ್ತು. ತಿರುಗಿ ಟೀಚರ ಮುಖ ನೋಡಿದೆ. ಅವರು ಕಣ್ಣು ತಪ್ಪಿಸಲಿಲ್ಲ.

"ಹೌದ್ರಿ ಸಿಸ್ಟರ, ನಾನ ಹಾಕತೇನಿ," ಎಂದರು.

"ಯಾಕ್ರಿ? ಜ್ವರ ಬಂದಾಗ ಎಷ್ಟು ತ್ರಾಸಾತು, ಮರತ್ರೇನು?"

ಹಿತ್ತಿಲಿನಿಂದ ಕಲ್ಲಿಗೆ ಬಟ್ಟೆ ಬಡಿಯುವ ಸಪ್ಪಳ ಬರತೊಡಗಿತು. ಒಂದೇ ಸಮನೆ, ಬಹಳ ವರ್ಷ ಒಗೆದು ರೂಢಿಯಾದವರ ಕೈಯ ಸಪ್ಪಳ.

"ಅದು ಕೇಳಾಕತ್ತೈತಲ್ರಿ. ಅದಕ್ಕ," ಎಂದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಗಂಗವ್ವ ಗಂಡನನ್ನು ಕಳೆದುಕೊಂಡಾಗ ಮಿಲಿಂದ ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದರು. ಗಂಗವ್ವ ಹುಬ್ಬಳ್ಳಿ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ ಚಾದರ ಒಗೆಯುವ ಕೆಲಸ ಹಿಡಿದರು. ಬಂದು ಹೋಗುವವರು ಮಲಗಿದ, ಉಗುಳಿದ, ವಾಂತಿ ಮಾಡಿದ ಚಾದರಗಳು. ಮಗ ಡಿಗ್ರಿ ಮುಗಿಸಿ ನೌಕರಿ ಹಿಡಿಯುವ ತನಕ, ಆಮೇಲೂ ಕೆಲ ವರ್ಷ, ಅದೇ ಕೆಲಸ. ಸುಜಾತಾ ಸೊಸೆಯಾಗಿ ಬಂದು ಅತ್ತೆಯ ಕೈ ನೋಡಿದರು. ಸೋಡಾ, ಬ್ಲೀಚಿಂಗ್ ಪೌಡರ್ ತಿಂದು ಬೆರಳುಗಳ ಚರ್ಮ ಸುಲಿದಿತ್ತು. ತಮಗೂ ನೌಕರಿ ಸಿಕ್ಕ ದಿನ ಅತ್ತೆಯನ್ನು ಕೂರಿಸಿಕೊಂಡು ಹೇಳಿದರಂತೆ, ಇನ್ನು ಮೇಲೆ ನೀವು ಇನ್ನೊಬ್ಬರ ಚಾದರ ಒಗೆಯಬಾರದು, ಲಾಡ್ಜಿನದೂ ಬೇಡ, ಮನೆಯದೂ ಬೇಡ. ಮನೆಯ ಕಟ್ಟಳೆ ಹುಟ್ಟಿದ್ದು ಅದಕ್ಕೆ.

"ಈಗ ಅವರು ನನ್ನ ಉಚ್ಚಿ ಚಾದರ ಒಗ್ಯಾಕತ್ತಾರ. ದಿನಕ್ಕ ಎಷ್ಟು ಸಲ ಅಂತ ನಾ ಇಲ್ಲಿ ಬಿದ್ದುಕೊಂಡು ಕೇಳತೇನಿ. ಬ್ಯಾಡ್ರಿ ಅಂದ್ರ ಹೂಂ ಅಂತಾರ. ನಮ್ಮ ಮನಿಯವರು ಸಂಜೀಕ ಬಂದು ಮಷಿನ್ನಿಗೆ ಹಾಕತೇನಿ ಅಂದ್ರೂ ಅಷ್ಟರಾಗ ಒಗದು ಒಣಾ ಹಾಕಿರತಾರ. ನನ್ನ ಕೈಯಾಗ ಇರೂದು ಒಂದ, ನೀರು. ಅಷ್ಟರ ಕಡಿಮಿ ಮಾಡೋಣು ಅಂತ."

ಸುಜಾತಾ ಅಳಲಿಲ್ಲ. ಪಾಠ ಹೇಳುವವರ ಸ್ಪಷ್ಟ ದನಿಯಲ್ಲೇ ಹೇಳಿದರು.

ನಾನು ಗಂಗವ್ವನಿಗೆ ಹೇಳಬೇಕೆಂದೆ. ಬೇಡ ಎಂದರು. ರೋಗಿ ನಂಬಿ ಹೇಳಿದ್ದನ್ನು ಮನೆಯವರಿಗೆ ದಾಟಿಸುವುದು ನಮ್ಮ ವೃತ್ತಿಯಲ್ಲಿ ಸಲ್ಲದು. ಹಾಗೆಂದು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಮುಂದಿನ ಜ್ವರಕ್ಕೆ ಇವರ ಕಿಡ್ನಿ ಹೋಗಬಹುದು. ನಾನು ಅದನ್ನೇ ಹೇಳಿದೆ. "ನಾ ಹೇಳೂದಿಲ್ಲ. ನೀವ ಹೇಳ್ರಿ. ನಾ ಇಲ್ಲೇ ಕುಂಡ್ರತೇನಿ." ಅವರು ತಾವೇ ಕೂಗಿದರು, "ಅತ್ತೀ, ಇಲ್ಲಿ ಬರ್ರಿ ಸ್ವಲ್ಪ."

ಗಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಸುಜಾತಾ ಎಲ್ಲವನ್ನೂ ಹೇಳಿದರು, ಮಲ್ಲಿಗೆ ಗಿಡದ ವಿಷಯವನ್ನೂ. ಮುದುಕಿ ಕಣ್ಣೀರು ಹಾಕಬಹುದು, ಸೊಸೆಯ ತಲೆ ನೇವರಿಸಬಹುದು ಎಂದು ನಾನು ಎಣಿಸಿದ್ದೆ. ಹಾಗೇನೂ ಆಗಲಿಲ್ಲ. ಗಂಗವ್ವನ ಮುಖ ಬಿಗಿಯಿತು.

"ನನ್ನ ಸಲುವಾಗಿ ನೀರು ಬಿಟ್ಟೆ ಅಂತ ಅನ್ನಬ್ಯಾಡ," ಎಂದರು. "ನಿನಗ ಏನರ ಆಗಿತ್ತಂದ್ರ ಆ ಭಾರ ನಾ ಹೊತಗೊಂಡು ತಿರಗಬೇಕಾಗಿತ್ತು. ಅದು ಚಾದರಕ್ಕಿಂತ ವಜ್ಜಿ ಐತಿ."

"ಮತ್ತ ನೀವರ ಯಾಕ ಒಗೀತೀರಿ? ನಾ ಬ್ಯಾಡಂದೇನಲ್ಲ."

"ಒಗೀದ ಏನು ಮಾಡ್ಲಿ?" ಗಂಗವ್ವ ಬಾಗಿಲು ಬಿಟ್ಟು ಒಳಗೆ ಬಂದರು. "ಮಿಲಿಂದಗ ಡಾಕ್ಟರ್ ಕೂಡ ಮಾತಾಡಾಕ ಬರತೈತಿ. ಸಿಸ್ಟರಿಗೆ ಹುಣ್ಣು ನೋಡಾಕ ಬರತೈತಿ. ಮೊಮ್ಮಗಳಿಗೆ ಮೊಬೈಲಿನ್ಯಾಗ ಗುಳಿಗಿ ತರಸಾಕ ಬರತೈತಿ. ನನಗ ಗುಳಿಗಿ ಹೆಸರು ಓದಾಕೂ ಬರೂದಿಲ್ಲ. ಕೌದಿ ಹಾಸಿದ್ನಿ, ಅದನ್ನೂ ತಗಸಿದ್ರಿ. ಒಗ್ಯಾಕ ಒಂದ ಬರತೈತಿ. ಅದನ್ನೂ ಕಸಗೊಂಡ್ರ ನಾ ಈ ಮನ್ಯಾಗ ಸುಮ್ನ ಕುಂತು ನಿನ್ನ ಮಾರಿ ನೋಡಬೇಕೇನು?"

ಸುಜಾತಾ, ಈ ಬಾರಿ ಸಣ್ಣ ದನಿಯಲ್ಲಿ, "ನಂದೂ ಅದ ಐತ್ರಿ ಅತ್ತಿ," ಎಂದರು. "ಎಲ್ಲಾರೂ ನನಗ ಎಲ್ಲಾ ಮಾಡತೀರಿ. ನನ್ನ ಹಾಸಿಗಿ ಯಾವಾಗ ಬದಲಿ ಮಾಡಬೇಕು, ಯಾವ ಚಾದರ ಹಾಸಬೇಕು, ಹೆಂಗ ಹಾಸಬೇಕು, ಒಬ್ರೂ ನನ್ನ ಕೇಳೂದಿಲ್ಲ. ನನ್ನ ಎತ್ತಿ ಹೊಳ್ಳಸ್ತೀರಿ, ತಗೀತೀರಿ, ಹಾಕತೀರಿ. ನಾನೂ ಹಾಸಿಗಿ ಸಾಮಾನಿನ್ಯಾಗ ಒಂದು ಆಗೇನಿ."

ಆ ಮಾತು ಗಂಗವ್ವನಿಗಿಂತ ನನಗೇ ಹೆಚ್ಚು ತಾಕಿತು. ಕೌದಿ ತೆಗೆಸಿದವಳು ನಾನು, ಚಾದರ ಸಡಿಲ ಬಿಡಿಸಿದವಳು ನಾನು. ಎರಡೂ ಸರಿಯಾದ ಕೆಲಸಗಳೇ. ಆದರೆ ಅದಕ್ಕೆ ಕಾರಣ ಗಂಗವ್ವನಿಗೆ ಹೇಳಿದ್ದೆ, ಮಿಲಿಂದ ಅವರಿಗೆ ಹೇಳಿದ್ದೆ. ಅದರ ಮೇಲೆ ಮಲಗುವವರನ್ನು ಒಂದು ಮಾತೂ ಕೇಳಿರಲಿಲ್ಲ.

ಗಂಗವ್ವ ಸ್ಟೂಲಿನ ಮೇಲಿನ ತಂಬಿಗೆ ಎತ್ತಿ ಲೋಟಕ್ಕೆ ನೀರು ಬಗ್ಗಿಸಿದರು. "ಮದ್ಲ ಇದನ್ನ ಕುಡಿ. ಆಮ್ಯಾಲ ಜಗಳಾಡೋಣು." ಸುಜಾತಾ ಕುಡಿದರು. ಅತ್ತೆ ಮತ್ತೆ ಬಗ್ಗಿಸಿದರು. ಸೊಸೆ ಮತ್ತೆ ಕುಡಿದರು.

ಆ ಸಂಜೆ ಮಿಲಿಂದ ಬರುವ ತನಕ ನಾನು ಅಲ್ಲೇ ಇದ್ದೆ. ನಾಲ್ವರೂ ಸೇರಿ ಮಾತಾಡಿದೆವು. ಮಾತು ಸುಲಭವಾಗಿ ಮುಗಿಯಲಿಲ್ಲ. ಒಗೆಯುವ ಕೆಲಸ ಪೂರ್ತಿ ತನ್ನದು, ಕಚೇರಿಗೆ ಹೋಗುವ ಮೊದಲೇ ಮಷಿನ್ನಿಗೆ ಹಾಕುತ್ತೇನೆ ಎಂದರು ಮಿಲಿಂದ. ಮಷಿನ್ನಿನಲ್ಲಿ ಉಚ್ಚೆಯ ವಾಸನೆ ಹೋಗುವುದಿಲ್ಲ ಎಂದು ಗಂಗವ್ವ ವಾದಿಸಿದರು. ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ಆಮೇಲೆ ಹಾಕಿದರೆ ಹೋಗುತ್ತದೆ ಎಂದು ನಾನೆಂದೆ. ಜಾಲಿಸುವುದಾದರೂ ನಾನೇ ಎಂದರು ಗಂಗವ್ವ. ಅದೂ ಬೇಡ ಎಂದು ಸೊಸೆ ಹಟ ಹಿಡಿದರು. ಕೊನೆಗೆ ಬಿಸಿಲಿಗೆ ಹಾಕುವುದು, ಮಡಚುವುದು, ಹಾಸುವುದು ಗಂಗವ್ವನ ಪಾಲಿಗೆ ಬಂತು. ಯಾವಾಗ ಬದಲಿಸಬೇಕು, ಯಾವುದನ್ನು ಹಾಸಬೇಕು ಎಂಬುದು ಟೀಚರ ಪಾಲಿಗೆ.

ಡಾಕ್ಟರ ಒಪ್ಪಿಗೆ ಪಡೆದು ನಾನು ಇನ್ನೊಂದು ಕೆಲಸ ಶುರುಮಾಡಿದೆ. ಕೈ ಗಟ್ಟಿಯಿರುವ ರೋಗಿಗಳು ಸದಾ ಕ್ಯಾಥೆಟರ್ ಇಟ್ಟುಕೊಳ್ಳುವ ಬದಲು, ಸಮಯಕ್ಕೆ ಸರಿಯಾಗಿ ತಾವೇ ಸ್ವಚ್ಛವಾದ ಸಣ್ಣ ಕೊಳವೆ ಹಾಕಿ ಮೂತ್ರ ತೆಗೆದು, ಕೊಳವೆಯನ್ನೂ ತೆಗೆದುಬಿಡಬಹುದು. ಇದಕ್ಕೆ ಸೆಲ್ಫ್ ಕ್ಯಾಥೆಟರೈಸೇಶನ್ ಎನ್ನುತ್ತಾರೆ. ಹೆಂಗಸರಿಗೆ ಕಲಿಯುವುದು ಕಷ್ಟ, ಕನ್ನಡಿ ಹಿಡಿದು ಅಭ್ಯಾಸ ಮಾಡಬೇಕು. ಮೊದಮೊದಲು ಸುಜಾತಾ ಸಿಟ್ಟಿಗೆದ್ದು ಕನ್ನಡಿ ಎತ್ತಿ ಬದಿಗಿಟ್ಟದ್ದೂ ಉಂಟು. ಒಂದೆರಡು ವಾರ ಹಾಸಿಗೆ ಮೊದಲಿಗಿಂತ ಹೆಚ್ಚೇ ಒದ್ದೆಯಾಯಿತು. ಗಂಗವ್ವ ಒಮ್ಮೆ ಕದ್ದು ಚಾದರ ಒಗೆದು ಸಿಕ್ಕಿಬಿದ್ದರು. ಅತ್ತೆ ಸೊಸೆ ಒಂದು ಹೊತ್ತು ಮಾತು ಬಿಟ್ಟಿದ್ದರೆಂದು ಮಿಲಿಂದ ಹೇಳಿದರು. ಹೇಳುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ಮನೆಯಲ್ಲಿ ಅಪಘಾತದ ನಂತರ ಅದು ಮೊದಲ ಜಗಳವಂತೆ.

ನಿಧಾನವಾಗಿ ಕೈ ಪಳಗಿತು. ಮೂತ್ರ ತಿಳಿಯಾಯಿತು, ಸೋರುವುದು ನಿಂತಿತು. ಹಾಸಿಗೆ ಬದಲಿಸುವ ಕ್ರಮವೂ ಬೇರೆಯಾಯಿತು. ಮೊದಲು ಬೇರೆಯವರೇ ಅವರನ್ನು ಹೊರಳಿಸುತ್ತಿದ್ದರು. ಈಗ ಸುಜಾತಾ ಮಂಚದ ಸರಳು ಹಿಡಿದು ತಾವೇ ಮಗ್ಗುಲಾಗುತ್ತಿದ್ದರು, ಹಳೆಯ ಚಾದರವನ್ನು ತಾವೇ ಸುರುಳಿ ಸುತ್ತುತ್ತಿದ್ದರು. ಗಂಗವ್ವ ಹೊಸದನ್ನು ಆ ಬದಿಯಿಂದ ಬಿಚ್ಚುತ್ತ ಬರುತ್ತಿದ್ದರು. ಚಾದರ ಸಡಿಲವೇ ಇರಬೇಕು ಎಂಬ ನನ್ನ ಮಾತನ್ನು ಸುಜಾತಾ ಒಪ್ಪಿದರು, ಆದರೆ ಒಂದು ಷರತ್ತು ಹಾಕಿ. ದಿಂಬಿನ ಕಡೆಯ ಅಂಚು ಮಾತ್ರ ಅವರು ಹೇಳಿದಂತೆ ಬಿಗಿಯಾಗಿ ಮಡಚಿರಬೇಕು. ಅಲ್ಲಿ ತಲೆಯಷ್ಟೇ ಇರುವುದರಿಂದ ನನ್ನ ಅಭ್ಯಂತರವಿರಲಿಲ್ಲ. ಕೌದಿ ಕೂಡ ವಾಪಸು ಬಂತು, ಮೈ ಕೆಳಗಲ್ಲ, ಕಾಲ ಮೇಲೆ ಹೊದೆಯಲು. ಚಳಿಗಾಲಕ್ಕೆಂದು ಗಂಗವ್ವ ಇನ್ನೊಂದು ಹೊಲಿಯತೊಡಗಿದರು. ಯಾವ ಸೀರೆಯ ಪಕ್ಕ ಯಾವ ಸೀರೆ ಬರಬೇಕೆಂದು ಸೊಸೆ ಮಲಗಿದಲ್ಲಿಂದಲೇ ತಕರಾರು ತೆಗೆಯುತ್ತಿದ್ದರು.

ಮುಂದಿನ ಬೇಸಿಗೆಯ ಹೊತ್ತಿಗೆ ಅವರು ವ್ಹೀಲ್‌ಚೇರಿನಲ್ಲಿ ಕೂರುವಂತಾದರು. ಎಸ್ಸೆಸ್ಸೆಲ್ಸಿ ಹುಡುಗಿಯರು ಮನೆಗೇ ಬಂದು ಲೆಕ್ಕ ಹೇಳಿಸಿಕೊಳ್ಳತೊಡಗಿದರು. ಅದಾದ ಮೇಲೆ ಶಾಲೆಯಲ್ಲಿ ನೆಲಮಹಡಿಯ ಕೋಣೆ ಕೊಟ್ಟರು, ಮಿಲಿಂದ ಬಿಟ್ಟು ಬರುತ್ತಿದ್ದರು. ನಡೆಯುವುದು ಮಾತ್ರ ಆಗಲಿಲ್ಲ. ಆಗುವುದಿಲ್ಲವೆಂದು ಮೊದಲೇ ತಿಳಿದಿತ್ತು. ನನ್ನ ಭೇಟಿಗಳು ಕಡಿಮೆಯಾಗಿ, ಒಂದು ದಿನ ಇನ್ನು ಬರಬೇಕಾಗಿಲ್ಲ ಎಂಬಲ್ಲಿಗೆ ಬಂದವು. ಹೊರಡುವಾಗ ಗಂಗವ್ವ ಚಹಾ ಕೊಟ್ಟು, "ಸಿಸ್ಟರ, ನಿಮ್ಮ ಮನ್ಯಾಗ ಹಾಸಿಗಿ ಯಾರು ಹಾಸತಾರ್ರಿ?" ಎಂದು ಕೇಳಿದರು. ನಾನೇ ಎಂದೆ. "ಹಂಗಾರ ಛಲೋ," ಎಂದರು, ಅಷ್ಟೇ.

ಆಸ್ಪತ್ರೆಯಲ್ಲಿ ಅಷ್ಟು ವರ್ಷ ದುಡಿದೂ ನಾನು ಹಾಸಿಗೆಯನ್ನು ರೋಗಿಯ ಕೆಳಗಿರುವ ವಸ್ತು ಎಂದಷ್ಟೇ ತಿಳಿದಿದ್ದೆ. ಎದ್ದು ಓಡಾಡುವವರಿಗೆ ಇಡೀ ಮನೆ ಇರುತ್ತದೆ, ಬೀದಿ ಇರುತ್ತದೆ, ಕಚೇರಿ ಇರುತ್ತದೆ. ಮಲಗಿದವರಿಗೆ ತಮ್ಮ ಮಾತು ನಡೆಯಬಹುದಾದ ಜಾಗ ಆ ಮಂಚವೊಂದೇ. ಅದರ ಮೇಲೂ ಮಾತು ನಡೆಯದಿದ್ದರೆ ಅವರು ನಮಗೆ ಕಾಣದ ಬೇರೆ ದಾರಿ ಹುಡುಕುತ್ತಾರೆ, ಅದು ಅವರ ಜೀವಕ್ಕೇ ಕುತ್ತಾಗುವಂಥ ದಾರಿಯಾದರೂ. ಈಗ ಹೊಸ ಮನೆಗೆ ಹೋದಾಗ ಬಿಪಿ ನೋಡುವ ಮೊದಲೇ ಎರಡು ಪ್ರಶ್ನೆ ಕೇಳುತ್ತೇನೆ. ಈ ಹಾಸಿಗೆ ಯಾರು ಒಗೆಯುತ್ತಾರೆ ಎಂದು ಮನೆಯವರಿಗೆ, ಈ ಹಾಸಿಗೆ ಹೇಗಿರಬೇಕು ಎಂದು ಮಲಗಿದವರಿಗೆ. ಎರಡನೆಯದಕ್ಕೆ ಹೆಚ್ಚಿನವರು ಉತ್ತರ ಹೇಳುವ ಮೊದಲು ಮನೆಯವರ ಮುಖ ನೋಡುತ್ತಾರೆ. ನಾನು ಕಾಯುತ್ತೇನೆ.